ಲಾರಿ ಚಾಲಕನ ದಾರಿಯಲ್ಲಿ ಹಳೆಯ ವಿಮಾನಗಳು

ಹುಣಸೂರಿನ ಮರದ ದಿಮ್ಮಿ, ಪಿರಿಯಾಪಟ್ಟಣದ ತಂಬಾಕು, ಕೃಷ್ಣರಾಜನಗರದ ಅಕ್ಕಿ, ಹೆಗ್ಗಡದೇವನಕೋಟೆಯ ಹತ್ತಿ. ಈ ನಾಲ್ಕು ತಾಲ್ಲೂಕುಗಳ ಸರಕು ಹೊರಗಿನ ಪೇಟೆಯನ್ನು ಸೇರುವುದು ಹೆಚ್ಚಾಗಿ ಲಾರಿಗಳ ಮೂಲಕವೇ. ಕೃಷ್ಣರಾಜನಗರವೊಂದನ್ನು ಬಿಟ್ಟರೆ ಉಳಿದ ಮೂರು ಊರುಗಳಿಗೆ ರೈಲು ಇಲ್ಲ. ಹೀಗಾಗಿ ಈ ಭಾಗದ ಎಷ್ಟೋ ಮನೆಗಳಲ್ಲಿ ಒಬ್ಬನಾದರೂ ಸ್ಟೇರಿಂಗು ಹಿಡಿದವನು ಇರುತ್ತಾನೆ. ಅವನು ನೋಡಿದಷ್ಟು ಊರುಗಳನ್ನು ಆ ಮನೆಯ ಬೇರೆ ಯಾರೂ ನೋಡಿರುವುದಿಲ್ಲ. ಆದರೆ ಆ ಊರುಗಳಲ್ಲಿ ಅವನು ಏನನ್ನು ನೋಡಿದ ಎಂದು ಕೇಳುವವರು ಕಡಿಮೆ.

ಅಂಥ ಚಾಲಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ಲೋಡು ಹೊತ್ತು ಹುಣಸೂರು ಬಿಟ್ಟಿದ್ದಾನೆ. ಬೆಳಗಿನ ಜಾವ ಬೆಂಗಳೂರು ತಲುಪಿ ಸರಕು ಇಳಿಸಿದ್ದಾನೆ. ಹಗಲಿನಲ್ಲಿ ಭಾರಿ ಲಾರಿಗಳು ನಗರದೊಳಗೆ ಓಡಾಡುವಂತಿಲ್ಲವಾದ್ದರಿಂದ ಸಂಜೆಯವರೆಗೆ ಅವನಿಗೆ ಬಿಡುವು. ಒಂದು ನಿದ್ರೆ ಮುಗಿಸಿ, ಮುಖ ತೊಳೆದು, ಲಾರಿಯ ಬಳಿ ಕ್ಲೀನರನನ್ನು ಬಿಟ್ಟು, ಸಿಟಿ ಬಸ್ಸು ಹತ್ತಿ ಕಸ್ತೂರಬಾ ರಸ್ತೆಗೆ ಬರುತ್ತಾನೆ. ಅಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಆವರಣದಲ್ಲಿ ಒಂದು ಯುದ್ಧವಿಮಾನ ನಿಂತಿದೆ. ಅವನ ಕಾಲು ಅಲ್ಲಿಯೇ ನಿಲ್ಲುತ್ತದೆ.

ಹಾಗೆ ನಿಂತು ನೋಡುವುದರಲ್ಲಿ ಒಂದು ಸಂತೋಷವಿದೆ. ಅದು ಎಲ್ಲಿಂದ ಬರುತ್ತದೆ, ಅದನ್ನು ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ನಿಂತ ವಿಮಾನದ ಹೆಸರು ಮಾರುತ

ಕಸ್ತೂರಬಾ ರಸ್ತೆಯಲ್ಲಿರುವುದು ಎಚ್‌ಎಫ್-24 ಮಾರುತ. ಭಾರತದಲ್ಲಿಯೇ ಅಭಿವೃದ್ಧಿಪಡಿಸಿ ತಯಾರಿಸಿದ ಮೊದಲ ಜೆಟ್ ಯುದ್ಧವಿಮಾನ ಇದು. ಇದರ ವಿನ್ಯಾಸಕ್ಕಾಗಿ ಜರ್ಮನಿಯ ಹೆಸರಾಂತ ಎಂಜಿನಿಯರ್ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಇದನ್ನು ಮೊದಲ ಬಾರಿಗೆ ಹಾರಿಸಿದರು. ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ಇವು ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿದವು. 1990ರಲ್ಲಿ ವಾಯುಪಡೆಯಿಂದ ನಿವೃತ್ತಿ ಹೊಂದಿದವು.

ವಿಮಾನದ ಪಕ್ಕಕ್ಕೆ ಹೋಗಿ ನೋಡಿದರೆ ಅದರ ನಡು ಸ್ವಲ್ಪ ಸಣ್ಣಗಿರುವುದು ಕಾಣುತ್ತದೆ. ಇದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಶಬ್ದದ ವೇಗದ ಹತ್ತಿರಕ್ಕೆ ಹೋದಂತೆ ಗಾಳಿಯ ತಡೆ ಒಮ್ಮೆಗೇ ಏರುತ್ತದೆ. ರೆಕ್ಕೆ ಸೇರುವ ಜಾಗದಲ್ಲಿ ವಿಮಾನದ ಒಟ್ಟು ಗಾತ್ರ ದಿಢೀರನೆ ಹೆಚ್ಚಬಾರದು. ಅದಕ್ಕಾಗಿ ಒಡಲನ್ನು ಅಲ್ಲಿ ಒಳಕ್ಕೆ ಎಳೆದಿರುತ್ತಾರೆ. ರೆಕ್ಕೆಗಳು ಹಿಂದಕ್ಕೆ ಬಾಗಿರುವುದೂ ಇದೇ ತಡೆಯನ್ನು ತಗ್ಗಿಸಲಿಕ್ಕೆ. ಟಾರ್ಪಾಲು ಸಡಿಲವಾದ ಲಾರಿ ಎದುರುಗಾಳಿಯಲ್ಲಿ ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬುದನ್ನು ಬಲ್ಲ ಚಾಲಕನಿಗೆ ಈ ವಿಚಾರ ಬೇಗ ಅರ್ಥವಾಗುತ್ತದೆ.

ಮಾರುತದ ಕೊರತೆಯೂ ಅವನಿಗೆ ಅರ್ಥವಾಗುವಂಥದ್ದೇ. ಕುರ್ಟ್ ಟ್ಯಾಂಕ್ ಬಯಸಿದಷ್ಟು ಶಕ್ತಿಯ ಎಂಜಿನ್ ಇದಕ್ಕೆ ಸಿಗಲಿಲ್ಲ. ಕಡಿಮೆ ಶಕ್ತಿಯ ಎರಡು ಆರ್ಫಿಯಸ್ ಎಂಜಿನ್‌ಗಳನ್ನೇ ಕೂರಿಸಿ ಹಾರಿಸಬೇಕಾಯಿತು. ದೊಡ್ಡ ಚಾಸಿಗೆ ಸಣ್ಣ ಎಂಜಿನ್ ಹಾಕಿ ಘಾಟಿ ಹತ್ತಿಸಿದಂತೆ! ವಿಮಾನದ ಒಡಲು ಸಹಿಸಬಲ್ಲ ವೇಗವನ್ನು ಅದು ಎಂದೂ ಮುಟ್ಟಲಿಲ್ಲ. ಹೆಚ್ಚಿನ ಶಕ್ತಿಗಾಗಿ ಸುಧಾರಿಸಿದ ಮಾದರಿಯೊಂದನ್ನು ಪರೀಕ್ಷಿಸುವಾಗ 1970ರ ಜನವರಿಯಲ್ಲಿ ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಬೆಂಗಳೂರಿನ ಪೂರ್ವ ಭಾಗದಲ್ಲಿ ಅವರ ಹೆಸರಿನ ರಸ್ತೆಯೇ ಇದೆ. ಆ ರಸ್ತೆಯಲ್ಲಿ ದಿನವೂ ಸಾವಿರಾರು ವಾಹನಗಳು ಓಡುತ್ತವೆ. ಆ ಹೆಸರು ಯಾರದೆಂದು ತಿಳಿದು ಓಡಿಸುವವರು ಎಷ್ಟು ಮಂದಿಯೋ!

ನಮ್ಮ ಬೊಕ್ಕಸದಿಂದ ಬೆಳೆದ ಕಾರ್ಖಾನೆ

ವಿಮಾನಗಳ ಇನ್ನೂ ದೊಡ್ಡ ಸಂಗ್ರಹ ಇರುವುದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ. ಇದು 2001ರಲ್ಲಿ ಪ್ರಾರಂಭವಾಯಿತು. ಇದರ ಹಿಂದಿನ ಕಥೆಗೂ ನಮ್ಮ ನಾಲ್ಕು ತಾಲ್ಲೂಕುಗಳಿಗೂ ನಂಟಿದೆ.

ಉದ್ಯಮಿ ವಾಲಚಂದ್ ಹೀರಾಚಂದ್ ಅವರು ವಿಮಾನ ಕಾರ್ಖಾನೆ ತೆರೆಯಲು ಸ್ಥಳ ಹುಡುಕುತ್ತಿದ್ದಾಗ ಮೈಸೂರು ಸಂಸ್ಥಾನ ಮುಂದೆ ಬಂದಿತು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಸಂಸ್ಥಾನವು ಭೂಮಿಯನ್ನು ಕೊಟ್ಟದ್ದಲ್ಲದೆ 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಆ 25 ಲಕ್ಷ ಬಂದದ್ದು ಸಂಸ್ಥಾನದ ಬೊಕ್ಕಸದಿಂದ. ಕಾವೇರಿ ಬಯಲಿನ ಭತ್ತದ ಗದ್ದೆಯವನೂ ಹೆಗ್ಗಡದೇವನಕೋಟೆಯ ಕಾಡಂಚಿನ ರಾಗಿ ಹೊಲದವನೂ ಕಟ್ಟಿದ ಕಂದಾಯ ಆ ಬೊಕ್ಕಸದಲ್ಲಿಯೇ ಇತ್ತು. ಆದ್ದರಿಂದ ಅಲ್ಲಿಗೆ ಹೋಗುವ ಹುಣಸೂರಿನ ಚಾಲಕ ಪರರ ಮನೆಗೆ ಹೋದಂತೆ ಸಂಕೋಚಪಡಬೇಕಾಗಿಲ್ಲ. ಅವನ ಅಜ್ಜನ ದುಡಿಮೆಯ ಒಂದು ಪಾಲು ಆ ಕಾರ್ಖಾನೆಯ ತಳಪಾಯದಲ್ಲಿದೆ.

ಅಲ್ಲಿ ಎಚ್‌ಟಿ-2 ಎಂಬ ಪುಟ್ಟ ವಿಮಾನವನ್ನು ತಪ್ಪದೆ ನೋಡಬೇಕು. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ನಮ್ಮವರೇ ವಿನ್ಯಾಸಗೊಳಿಸಿದ ಈ ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿ ಹಾರಿತು. ಇದರಲ್ಲಿ ಗುರು ಮತ್ತು ಶಿಷ್ಯ ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ. ಇಬ್ಬರ ಕೈಯಲ್ಲಿಯೂ ಹತೋಟಿ ಇರುತ್ತದೆ. ಶಿಷ್ಯ ತಪ್ಪಿದರೆ ಗುರು ತಿದ್ದುತ್ತಾನೆ. ಕ್ಲೀನರ್ ಆಗಿ ಸೇರಿ, ಉಸ್ತಾದನ ಪಕ್ಕದಲ್ಲಿ ಕೂತು ಗೇರು ಹಾಕಲು ಕಲಿತವನಿಗೆ ಈ ಏರ್ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ.

ಗುಜರಿಯಿಂದ ಎದ್ದ ವಿಮಾನಗಳು

ಎಚ್‌ಎಎಲ್ ಇತಿಹಾಸದಲ್ಲಿ ಲಾರಿ ಜನ ವಿಶೇಷವಾಗಿ ಮೆಚ್ಚಬಹುದಾದ ಪ್ರಸಂಗವೊಂದಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ತಯಾರಾದ ಲಿಬರೇಟರ್ ಎಂಬ ನಾಲ್ಕು ಎಂಜಿನ್‌ಗಳ ಬಾಂಬರ್‌ಗಳು ಕಾನಪುರದಲ್ಲಿ ಗುಡ್ಡೆಯಾಗಿ ಉಳಿದವು. ಯಾರೂ ಮತ್ತೆ ಹಾರಿಸಬಾರದೆಂದು ಅವುಗಳನ್ನು ಬೇಕೆಂದೇ ಕೆಡಿಸಲಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್‌ಗಳು ಬೇಕಾದವು. ಆಗ ಎಚ್‌ಎಎಲ್ ಕೆಲಸಗಾರರು ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿದರು. ಪೈಲಟ್ ಜಮ್‌ಶೆಡ್ ಮುನ್ಶಿ ಅವರು ಅವನ್ನು ಕಾನಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವುಗಳಿಗೆ ಪೂರ್ತಿ ದುರಸ್ತಿಯಾಯಿತು.

ಆ ವಿಮಾನಗಳು 1968ರವರೆಗೆ ಸೇವೆಯಲ್ಲಿದ್ದವು. ಅಷ್ಟು ಹೊತ್ತಿಗೆ ಬೇರೆ ದೇಶಗಳಲ್ಲಿ ಲಿಬರೇಟರ್‌ಗಳು ಹೆಚ್ಚುಕಡಿಮೆ ಮಾಯವಾಗಿದ್ದವು. ಹೀಗಾಗಿ ಬ್ರಿಟನ್, ಕೆನಡಾ ಮತ್ತು ಅಮೆರಿಕದ ವಸ್ತುಸಂಗ್ರಹಾಲಯಗಳು ಭಾರತದಿಂದಲೇ ಅವನ್ನು ಪಡೆದುಕೊಂಡವು. ಗುಜರಿ ಅಂಗಡಿಯಿಂದ ಸಾಮಾನು ತಂದು ಹಳೆಯ ಗಾಡಿಗೆ ಜೀವ ಕೊಡುವ ನಮ್ಮ ಗ್ಯಾರೇಜಿನ ಮೇಸ್ತ್ರಿಗಳ ಬುದ್ಧಿಗೂ ಈ ಕೆಲಸಕ್ಕೂ ಬಲು ಹತ್ತಿರದ ಸಂಬಂಧವಿದೆ.

ಮಡಿಕೇರಿಯಿಂದ ವಿಶಾಖಪಟ್ಟಣದವರೆಗೆ

ಹುಣಸೂರಿನಿಂದ ಪಶ್ಚಿಮಕ್ಕೆ ಬೈಲಕುಪ್ಪೆ, ಕುಶಾಲನಗರ ದಾಟಿ ಮಡಿಕೇರಿಗೆ ಹೋದರೆ ಅಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಪ್ರತಿಮೆ ಇದೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರು ಹಾರಿಸುತ್ತಿದ್ದುದು ಮಿಸ್ಟೇರ್ ವಿಮಾನ. ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಒಂದನ್ನು ಅವರು ಕೆಡವಿದರು. ತಾವು ಮರಳಿ ಬರಲಿಲ್ಲ. ಅವರ ಸಾಹಸ ಬೆಳಕಿಗೆ ಬರಲು ಹಲವು ವರ್ಷ ಹಿಡಿಯಿತು. ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಅಂದರೆ 23 ವರ್ಷಗಳ ನಂತರ.

ಪೂರ್ವಕ್ಕೆ ಲೋಡು ಸಿಕ್ಕಿ ವಿಶಾಖಪಟ್ಟಣದವರೆಗೆ ಹೋದವರು ಅಲ್ಲಿಯ ಕಡಲತೀರದ ರಸ್ತೆಯಲ್ಲಿ ಟಿಯು-142 ಎಂಬ ಬೃಹತ್ ವಿಮಾನವನ್ನು ನೋಡಬಹುದು. ಸುಮಾರು 50 ಮೀಟರ್ ಅಗಲದ ರೆಕ್ಕೆಗಳ ಈ ವಿಮಾನಗಳು 1988ರಿಂದ 2017ರವರೆಗೆ ನೌಕಾಪಡೆಗಾಗಿ ಸಮುದ್ರವನ್ನು ಕಾದವು. ಪ್ರತಿ ಎಂಜಿನ್‌ಗೂ ಎರಡು ಪಂಖಗಳು. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗುತ್ತದೆ. ಇದೇ ಜಾತಿಯ ಇನ್ನೊಂದು ವಿಮಾನ ನಮ್ಮ ಕಾರವಾರದ ಕಡಲತೀರಕ್ಕೂ ಬಂದಿದೆ. ಅದು ಬಂದದ್ದು ತಮಿಳುನಾಡಿನ ಅರಕ್ಕೋಣಂ ನೆಲೆಯಿಂದ, ಬಿಡಿಭಾಗಗಳಾಗಿ, ರಸ್ತೆಯ ಮೇಲೆ. ಮೂರು ದಶಕ ಆಕಾಶದಲ್ಲಿ ಓಡಾಡಿದ ವಿಮಾನವನ್ನು ಕೊನೆಗೆ ಗುರಿ ಮುಟ್ಟಿಸಿದವರು ಲಾರಿ ಚಾಲಕರೇ.

ನೋಡುವ ಬಗೆ

ಮೊದಲ ಮಾತು: ಗಾಡಿ ಓಡಿಸುತ್ತಾ ವಿಮಾನ ನೋಡಬಾರದು. ಗಾಡಿಯನ್ನು ನಿಲ್ಲಿಸಲು ಅನುಮತಿ ಇರುವ ಕಡೆ ನಿಲ್ಲಿಸಿ, ನಡೆದೋ ಬಸ್ಸಿನಲ್ಲೋ ಹೋಗಬೇಕು. ವಸ್ತುಸಂಗ್ರಹಾಲಯ ತೆರೆದಿರುವ ವೇಳೆಯನ್ನು ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ನಿದ್ರೆ ಕೆಟ್ಟು ನೋಡಹೋಗುವುದು ಬೇಡ. ರಾತ್ರಿಯ ಪ್ರಯಾಣ ಮುಂದಿದೆ ಎಂಬುದನ್ನು ಮರೆಯುವಂತಿಲ್ಲ.

ಎರಡನೆಯದು, ಗುರುತಿಸುವ ಕ್ರಮ. ಎಂಜಿನ್ ಎಷ್ಟು, ಪಂಖ ಉಂಟೋ ಜೆಟ್ಟೋ, ರೆಕ್ಕೆ ನೇರವೋ ಬಾಗಿದೆಯೋ, ಮೂರನೆಯ ಚಕ್ರ ಮೂತಿಯ ಕೆಳಗೋ ಬಾಲದ ಕೆಳಗೋ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ವಿಮಾನದ ಕಾಲ ಸುಮಾರಾಗಿ ತಿಳಿಯುತ್ತದೆ. ಬಾಲದಡಿ ಚಕ್ರವಿದ್ದರೆ ಅದು ಸಾಮಾನ್ಯವಾಗಿ ಹಳೆಯ ಕಾಲದ ವಿನ್ಯಾಸ. ಆಮೇಲೆ ಹೆಸರಿನ ಫಲಕ ಓದಿ ತಾಳೆ ನೋಡಬಹುದು.

ಮೂರನೆಯದು, ನೋಡಿದ್ದನ್ನು ಮನೆಯಲ್ಲಿ ಹೇಳುವುದು. ಹೆಚ್ಚಿನ ಚಾಲಕರು ಊರಿಗೆ ಬಂದಾಗ ಬಾಡಿಗೆ, ಡೀಸೆಲ್, ಪೊಲೀಸರ ದಂಡ ಇವುಗಳ ಮಾತನ್ನಷ್ಟೇ ಆಡುತ್ತಾರೆ. ದೂರದಲ್ಲಿರುವ ಅಪ್ಪ ದುಡ್ಡು ತರುವವನು ಎಂದಷ್ಟೇ ಮಕ್ಕಳು ತಿಳಿಯುತ್ತಾರೆ. ಅದೇ ಅಪ್ಪ ಒಂದು ಸಂಜೆ ಜಗಲಿಯಲ್ಲಿ ಕೂತು, ಮಾರುತದ ನಡು ಏಕೆ ಸಣ್ಣಗಿದೆ ಎಂದು ಸೀಮೆಸುಣ್ಣದಲ್ಲಿ ಬರೆದು ತೋರಿಸಿದರೆ ಮಕ್ಕಳು ಅವನನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಮುಂದಿನ ರಜೆಯಲ್ಲಿ ಅವರನ್ನೂ ಕರೆದುಕೊಂಡು ಹೋಗಬಹುದು. ದಾರಿಯಂತೂ ಅವನಿಗೆ ಗೊತ್ತೇ ಇದೆ.