ನಾಲ್ಕನೇ ಕ್ಲಾಸಿನ ನರಸಿಂಹಯ್ಯ, ಐನೂರು ಪತ್ತೇದಾರಿ

ಕೋಲಾರ ಜಿಲ್ಲೆಯ ವೇಮಗಲ್, ನರಸಾಪುರದ ಕಡೆ ಐವತ್ತು ದಾಟಿದ ಓದುಗರನ್ನು ಹಿಡಿದು, ಮೊದಲು ಓದಿ ಮುಗಿಸಿದ ಕಾದಂಬರಿ ಯಾವುದು ಎಂದು ಕೇಳಿ ನೋಡಿ. ಕೆಲವರು ಕುವೆಂಪು ಎನ್ನುತ್ತಾರೆ, ನಮ್ಮ ಜಿಲ್ಲೆಯವರೇ ಆದ ಮಾಸ್ತಿ ಎನ್ನುವವರೂ ಇದ್ದಾರೆ. ಇನ್ನಷ್ಟು ಹೊತ್ತು ಮಾತಾಡಿಸಿದರೆ ನಿಜ ಹೊರಬೀಳುತ್ತದೆ. ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು, ಮನೆಯವರ ಕಣ್ಣು ತಪ್ಪಿಸಿ ಓದಿದ್ದು ಪತ್ತೇದಾರಿ. ಬರೆದವರು ಎನ್. ನರಸಿಂಹಯ್ಯ.

ನರಸಿಂಹಯ್ಯ ಹುಟ್ಟಿದ್ದು 1925ರಲ್ಲಿ, ಚಿಕ್ಕಮಗಳೂರು ಸೀಮೆಯಲ್ಲಿ. ಶಾಲೆಯ ಓದು ನಾಲ್ಕನೇ ತರಗತಿಗೇ ನಿಂತಿತು. ಮೊದಲ ಕಾದಂಬರಿ ‘ಪತ್ತೇದಾರ ಪುರುಷೋತ್ತಮ’ ಬಂದದ್ದು 1952ರಲ್ಲಿ. ಅಲ್ಲಿಂದಾಚೆಗೆ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮನ ಹಿಂದೆ ಮಧುಸೂದನ ಬಂದ, ಅರಿಂಜಯ ಬಂದ. ಒಬ್ಬೊಬ್ಬನಿಗೂ ಬೇರೆಬೇರೆ ಅಭಿಮಾನಿಗಳ ಗುಂಪು. 2011ರಲ್ಲಿ ಅವರು ತೀರಿಕೊಂಡಾಗ, ಒಂದು ಕಾಲದಲ್ಲಿ ಅವರನ್ನು ಕದ್ದು ಓದಿದ ಮಕ್ಕಳೆಲ್ಲ ಅಜ್ಜ ಅಜ್ಜಿಯರಾಗಿದ್ದರು.

ನಾಲ್ಕನೇ ಕ್ಲಾಸಿನ ಓದು ಅವರ ಬರವಣಿಗೆಗೆ ಕೊರತೆಯಾಗಲಿಲ್ಲ, ಬಲವೇ ಆಯಿತು ಎಂಬುದು ನನ್ನ ಎಣಿಕೆ. ಅಕ್ಷರ ಕೂಡಿಸಿಕೊಂಡು ಓದುವವನಿಗೆ ಎಲ್ಲಿ ಸುಸ್ತಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ವಾಕ್ಯ ಚಿಕ್ಕದು, ಮಾತುಕತೆ ಜಾಸ್ತಿ, ವರ್ಣನೆ ಬೇಕಾದಷ್ಟೇ. ಅಧ್ಯಾಯ ಮುಗಿಯುವ ಹೊತ್ತಿಗೆ ಬಾಗಿಲು ಬಡಿದ ಸದ್ದೋ, ಆರಿಹೋದ ದೀಪವೋ ಏನಾದರೊಂದು ಎದುರಾಗುತ್ತದೆ; ನಿದ್ದೆ ಬಂದರೂ ಪುಟ ತಿರುಗಿಸಲೇಬೇಕು. ಹತ್ತು ವರ್ಷದ ಹುಡುಗನೊಬ್ಬ ನೂರು ಪುಟ ಒಂದೇ ಗುಕ್ಕಿನಲ್ಲಿ ಮುಗಿಸಿ, ‘ನನಗೂ ದೊಡ್ಡ ಪುಸ್ತಕ ಓದೋಕೆ ಬರುತ್ತೆ’ ಎಂದುಕೊಳ್ಳುವ ಕ್ಷಣ ಇದೆಯಲ್ಲ, ಅದನ್ನು ಅವರು ಸಾವಿರಾರು ಮಕ್ಕಳಿಗೆ ಕೊಟ್ಟರು. ಮಕ್ಕಳಿಗಾಗಿ ಎಂದು ಬರೆಯದೆಯೇ ಕೊಟ್ಟರು.

ಆ ಪುಸ್ತಕಗಳು ಊರೂರಿಗೆ ತಲುಪಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ, ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಗಳಿಂದ. ದಿನದ ಬಾಡಿಗೆಗೆ ತಂದ ಪುಸ್ತಕಕ್ಕೆ ದಪ್ಪ ರಟ್ಟು ಹಾಕಿ, ಬೆನ್ನಿಗೆ ಟ್ವೈನ್ ದಾರದಲ್ಲಿ ಹೊಲಿದಿರುತ್ತಿದ್ದರು. ಹೊಲಿಗೆಯೊಳಗೆ ಸಾಲಿನ ಮೊದಲಕ್ಷರಗಳು ಸಿಕ್ಕಿಕೊಂಡು, ಪುಸ್ತಕವನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದರೇನೇ ಕಾಣುತ್ತಿದ್ದವು. ಹತ್ತಾರು ಕೈ ದಾಟಿ ಬಂದ ಪ್ರತಿಯಲ್ಲಿ ಕೊನೆಯ ಹಾಳೆಯೇ ಕಿತ್ತುಹೋಗಿರುತ್ತಿದ್ದುದೂ ಉಂಟು. ಆಗ ಕೊಲೆಗಾರ ಯಾರೆಂದು ಓದುಗರೇ ಜಗಳವಾಡಿ ತೀರ್ಮಾನಿಸಬೇಕು. ಸುಳಿವುಗಳನ್ನು ಮೊದಲಿಂದ ಜೋಡಿಸಿ, ಇವನಲ್ಲ ಅವನು ಎಂದು ವಾದ ಮಾಡುವುದಕ್ಕಿಂತ ಒಳ್ಳೆಯ ತರಬೇತಿ ಮಕ್ಕಳ ಬುದ್ಧಿಗೆ ಇನ್ನೇನು ಬೇಕು?

ಅದೇ ಕಾಲದ ಇನ್ನೊಬ್ಬರು ಮ. ರಾಮಮೂರ್ತಿ. ಪತ್ರಕರ್ತ ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗ, 1918ರಲ್ಲಿ ಹುಟ್ಟಿದವರು. ಪತ್ತೇದಾರಿ ಕಾದಂಬರಿಗಳನ್ನು ಬರೆದು ಹೆಸರಾದರು, ಪತ್ರಿಕೆಗಳನ್ನೂ ತಾವೇ ನಡೆಸಿದರು. ‘ಕನ್ನಡ ಯುವಜನ’ ಅವರದೇ. ಇಂದು ನವೆಂಬರ್ ಒಂದರಂದು ನಮ್ಮ ಆಟೋ ಸ್ಟ್ಯಾಂಡುಗಳಲ್ಲೂ ಶಾಲೆಗಳಲ್ಲೂ ಏರುವ ಹಳದಿ ಕೆಂಪಿನ ಬಾವುಟ ಅವರು ರೂಪಿಸಿದ್ದು. 1967ರ ಡಿಸೆಂಬರಿನಲ್ಲಿ ತಲಘಟ್ಟಪುರದ ಬಳಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳೊಂದಿಗೆ ಸಮಾಧಿಯಾದರು. ಬಾವುಟ ಎಲ್ಲರಿಗೂ ಗೊತ್ತು. ಅದನ್ನು ಕೊಟ್ಟ ಕೈ ಪತ್ತೇದಾರಿ ಬರೆಯುತ್ತಿತ್ತು ಎಂಬುದು ಎಷ್ಟು ಮಕ್ಕಳಿಗೆ ಗೊತ್ತಿದೆ?

ಕೋಲಾರದ ಕಡೆಯ ಓದಿಗೆ ಇನ್ನೊಂದು ಮಗ್ಗುಲಿದೆ. ಇಲ್ಲಿ ಎಷ್ಟೋ ಮನೆಗಳೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಹಾಗಾಗಿ ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರ್ ನಮ್ಮವರಿಗೆ ಹೊರಗಿನವನಲ್ಲ. ಚಂದಮಾಮವಂತೂ ಎರಡೂ ಭಾಷೆಯ ಮಕ್ಕಳದು. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಮರುವರ್ಷ ಕನ್ನಡಕ್ಕೂ ಬಂತು. ಅದರಲ್ಲಿ ತಿಂಗಳು ತಿಂಗಳು ಬರುತ್ತಿದ್ದ ಮಾಂತ್ರಿಕರ, ಗುಹೆಗಳ ಧಾರಾವಾಹಿಗಳಲ್ಲಿ ಬಹಳಷ್ಟನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ. ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಮುಂದಿನ ಕಂತಿಗಾಗಿ ಪೋಸ್ಟ್‌ಮ್ಯಾನ್ ದಾರಿ ಕಾದ ಮಕ್ಕಳಿಗೆ ಯಾರಿಗಾಗಿ ಕಾಯುತ್ತಿದ್ದೇವೆಂದೇ ತಿಳಿದಿರಲಿಲ್ಲ.

ಮಕ್ಕಳಿಗೆಂದೇ ರಹಸ್ಯ ಕಾದಂಬರಿ ಬರೆಯುವುದನ್ನು ಬೇರೆಯವರು ದೊಡ್ಡ ಕೆಲಸವೆಂದೇ ತಿಳಿದಿದ್ದರು. ಇಂಗ್ಲಿಷಿನಲ್ಲಿ ಎನಿಡ್ ಬ್ಲೈಟನ್ 1942ರಿಂದ ‘ಫೇಮಸ್ ಫೈವ್’ ಸರಣಿಯ 21 ಪುಸ್ತಕ ಬರೆದರು. ಬಂಗಾಳದಲ್ಲಿ ಉಪೇಂದ್ರಕಿಶೋರ ರಾಯಚೌಧುರಿ 1913ರಲ್ಲಿ ಮಕ್ಕಳಿಗಾಗಿ ‘ಸಂದೇಶ್’ ಪತ್ರಿಕೆ ತಂದರು. ನಿಂತುಹೋಗಿದ್ದ ಅದನ್ನು ಮೊಮ್ಮಗ ಸತ್ಯಜಿತ್ ರಾಯ್ 1961ರಲ್ಲಿ ಮತ್ತೆ ಎಬ್ಬಿಸಿ, 1965ರಲ್ಲಿ ಪತ್ತೇದಾರ ಫೆಲೂದಾನನ್ನು ಅದರಲ್ಲೇ ಹುಟ್ಟಿಸಿದರು. ಬರೆಯುವವರೂ ಪ್ರಕಟಿಸುವವರೂ ಒಂದೇ ಮನೆಯವರು. ನಮ್ಮಲ್ಲೂ ಅಂಥ ಛಾತಿಯವರಿಗೆ ಬರವಿರಲಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರು ‘ಜೀವನ’ ಪತ್ರಿಕೆ ನಡೆಸಿದರು, ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದರು. ಆದರೂ ಕನ್ನಡದ ಮಕ್ಕಳಿಗೆ ತಮ್ಮದೇ ಒಬ್ಬ ಫೆಲೂದಾ ಮನೆಮಾತಾಗಿ ಸಿಗಲಿಲ್ಲ. ಅವರು ದೊಡ್ಡವರ ಕಪಾಟಿನಿಂದ ಪುರುಷೋತ್ತಮನನ್ನು ಇಳಿಸಿಕೊಂಡರು.

ಆ ಕೊರತೆಯನ್ನು ದೊಡ್ಡ ಮಟ್ಟದಲ್ಲಿ ತುಂಬಿದವರು ಪೂರ್ಣಚಂದ್ರ ತೇಜಸ್ವಿ. 1980ರ ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ತಂಡದಲ್ಲಿ ವಿಜ್ಞಾನಿಯ ಜೊತೆ ಜೇನು ಹಿಡಿಯುವ ಮಂದಣ್ಣನೂ ಇದ್ದಾನೆ, ಕಿವಿ ಎಂಬ ನಾಯಿಯೂ ಇದೆ. ‘ಚಿದಂಬರ ರಹಸ್ಯ’ ಸಂಶಯಾಸ್ಪದ ಸಾವೊಂದರ ಬೆನ್ನು ಹತ್ತುತ್ತದೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಜುಗಾರಿ ಕ್ರಾಸ್’ ಅಪ್ಪಟ ರೋಮಾಂಚಕ ಕಾದಂಬರಿ. ಕೆನೆತ್ ಆ್ಯಂಡರ್ಸನ್ನನ ಬೇಟೆಯ ಅನುಭವಗಳನ್ನು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದಾಗ ಹೈಸ್ಕೂಲು ಮಕ್ಕಳು ಮುಗಿಬಿದ್ದರು. ಇವನ್ನೆಲ್ಲ ಓದುಗರಿಗೆ ತಲುಪಿಸಿದ್ದು ಅವರದೇ ‘ಪುಸ್ತಕ ಪ್ರಕಾಶನ’. ಪತ್ತೇದಾರಿಯ ಕುತೂಹಲಕ್ಕೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕಿಸಿದವರು ತೇಜಸ್ವಿ. ಆ ಕುತೂಹಲವನ್ನು ಅದಕ್ಕೂ ಮೊದಲು ಮೂವತ್ತು ವರ್ಷ ಊರೂರಿಗೆ ಹೊತ್ತು ಹಂಚಿದ ನರಸಿಂಹಯ್ಯನವರಿಗೆ ಮಾತ್ರ ವಿಮರ್ಶೆಯ ಪುಸ್ತಕಗಳಲ್ಲಿ ಸಿಕ್ಕಿದ್ದು ಒಂದೆರಡು ಸಾಲು. ಇದು ಅನ್ಯಾಯ. ಐನೂರು ಕಾದಂಬರಿಯಲ್ಲಿ ಎಲ್ಲವೂ ಉಳಿಯಬೇಕಿಲ್ಲ. ಆಯ್ದ ಹತ್ತನ್ನು ಒಳ್ಳೆಯ ಕಾಗದದಲ್ಲಿ, ಚಿತ್ರ ಬರೆಸಿ, ಮಕ್ಕಳ ಕೈಗೆ ಹಿಡಿಸುವಂತೆ ತಂದರೆ ಈಗಲೂ ಓದುತ್ತಾರೆ.

ಅಲ್ಲಿಯವರೆಗೆ ನಮ್ಮಿಂದ ಆಗುವುದೊಂದಿದೆ. ಆಸ್ತಿ ತೆರಿಗೆ ಕಟ್ಟುವಾಗ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸೇರಿಸಿಯೇ ಕಟ್ಟುತ್ತೇವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತ ಮಾಡಲಾಯಿತು. ವೇಮಗಲ್ ಸುತ್ತಮುತ್ತಲಿನ ತಂದೆತಾಯಂದಿರು ಈ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ. ಪತ್ತೇದಾರಿ ಪುಸ್ತಕ ಇದೆಯೇ ಎಂದು ಮಗುವೇ ಕೇಳಲಿ. ಇಲ್ಲ ಎಂದರೆ, ತರಿಸಿಕೊಡಿ ಎಂದು ಒಂದು ಅರ್ಜಿ ಬರೆದುಕೊಟ್ಟು ಬನ್ನಿ.