ಊಟದ ಹೊತ್ತಿಗೆ ಬರುವ ಫೋನು

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಪತ್ತೆಯಾದದ್ದು 1915ರಲ್ಲಿ. ಬೇರೆಡೆ ಸಿಕ್ಕ ಆರನೇ ಬಂಡೆ ಶಾಸನದಲ್ಲಿ ಅದೇ ಅರಸ, ತಾನು ಊಟಕ್ಕೆ ಕೂತಿದ್ದರೂ ಅಂತಃಪುರದಲ್ಲಿದ್ದರೂ ಅಧಿಕಾರಿಗಳು ರಾಜ್ಯದ ವರದಿ ತರಬಹುದೆಂದು ಬರೆಸಿದ್ದಾನೆ. ಆ ಕಟ್ಟಳೆ ಅವನು ತಾನಾಗಿ ಹಾಕಿಕೊಂಡದ್ದು. ಇಂದು ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಪದವಿ ಕಾಲೇಜುಗಳ ಎಫ್‌ಡಿಎ, ಎಸ್‌ಡಿಎ ಗುಮಾಸ್ತರಿಗೂ ಊಟದ ನಡುವೆಯೇ ಕಚೇರಿಯ ಫೋನು ಬರುತ್ತದೆ. ಕಟ್ಟಳೆ ಮಾತ್ರ ಅವರು ಮಾಡಿದ್ದಲ್ಲ.

ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರೆಯಾಗಿ, ಈ ಕಾಲೇಜುಗಳು ಸೇರುವ ರಾಯಚೂರು ವಿಶ್ವವಿದ್ಯಾಲಯ ಶುರುವಾದದ್ದು 2021ರಲ್ಲಿ. ಕಲಬುರಗಿಯ ಅಲೆದಾಟ ತಪ್ಪಿತು, ನಿಜ. ಆದರೂ ಸಿಂಧನೂರಿನಿಂದ ರಾಯಚೂರಿಗೆ ಸುಮಾರು 90 ಕಿಲೋಮೀಟರ್. ಕ್ಯಾಂಪಸ್ ಇರುವ ಯರಗೇರಾ ಅದಕ್ಕೂ ಆಚೆ, ಮಂತ್ರಾಲಯದ ದಾರಿಯಲ್ಲಿ. ಒಂದು ಅಂಕಪಟ್ಟಿಯ ತಿದ್ದುಪಡಿಗೆ ಫೈಲು ಹಿಡಿದು ಹೊರಟರೆ ಇಡೀ ದಿನ ಬಸ್ಸಿಗೇ ಹೋಯಿತು. 2023ರ ಶಕ್ತಿ ಯೋಜನೆ ಮಹಿಳಾ ನೌಕರರ ಟಿಕೆಟ್ ದುಡ್ಡು ಉಳಿಸಿದೆ, ಸಂಜೆಯನ್ನಲ್ಲ.

ಹೆಚ್ಚಿನ ಒತ್ತಡ ಇರುವುದು ಕಂಪ್ಯೂಟರಿನ ಮುಂದೆ. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಈಗ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ವಿದ್ಯಾರ್ಥಿ ಅರ್ಜಿ ತುಂಬಿದರೆ ಸಾಲದು, ಕಾಲೇಜು ದಾಖಲೆ ನೋಡಿ ಒಪ್ಪಬೇಕು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿ. ಹಳೆಯ ವಿಷಯ ಬಾಕಿ ಉಳಿಸಿಕೊಂಡವರು, ಹೊಸಬರು, ಎಲ್ಲರ ಲೆಕ್ಕ ಒಂದೇ ಮೇಜಿನ ಮೇಲೆ. ಕೊನೇ ದಿನ 'ಸರ್ವರ್ ಬರವಲ್ದು' ಎಂದರೆ ಕೆಲಸ ಮನೆಗೇ ಬಂತು.

ಕೆಲಸದ ಹೊರೆ ಹೆಚ್ಚು, ಅದರ ಮೇಲೆ ಹಿಡಿತ ಕಡಿಮೆ: ನೌಕರರು ಹೆಚ್ಚು ಬಳಲುವುದು ಈ ಎರಡೂ ಕೂಡಿದಲ್ಲಿ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ತಾಲ್ಲೂಕು ಕಾಲೇಜಿನ ಗುಮಾಸ್ತರ ಸ್ಥಿತಿಗೆ ಇದಕ್ಕಿಂತ ಹತ್ತಿರದ ವಿವರಣೆ ಸಿಗುವುದು ಕಷ್ಟ. ದಿನಾಂಕ ನಿಗದಿಯಾಗುವುದು ಇನ್ನೆಲ್ಲೋ, ಕಿಟಕಿಯಾಚೆ ನಿಂತ ವಿದ್ಯಾರ್ಥಿಗೆ ಉತ್ತರ ಹೇಳುವವರು ಇವರು.

ಮನೆಯಲ್ಲಿ ಮಕ್ಕಳನ್ನೂ ನೋಡಿಕೊಳ್ಳಬೇಕಾದವರಿಗೆ ಪರಿಹಾರವೇ ಇಲ್ಲವೆಂದಲ್ಲ. ರಾಜ್ಯದ ಮಹಿಳಾ ಸರ್ಕಾರಿ ನೌಕರರಿಗೆ 2021ರಿಂದ ಇಡೀ ಸೇವಾವಧಿಗೆ 180 ದಿನಗಳ ಶಿಶುಪಾಲನಾ ರಜೆ ಇದೆ. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರಿಗೆ ಆ ರಜೆ ಇಲ್ಲ. ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿದ 2017ರ ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿ 50 ಮಂದಿಯಿಂದ ಲೆಕ್ಕ ಶುರುಮಾಡಿತು. ಸಣ್ಣ ಕಾಲೇಜುಗಳು ಅದರ ಹೊರಗೇ ಉಳಿದವು. ನರೇಗಾ ಕೂಲಿಕಾರರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದ ಸರ್ಕಾರಕ್ಕೆ, ತಾಲ್ಲೂಕಿನ ಹತ್ತಾರು ಕಚೇರಿಗಳಿಗೆ ಸೇರಿ ಒಂದು ಕೂಸಿನ ಮನೆ ಮಾಡುವುದು ಭಾರವಾಗಲಾರದು. ಅದಕ್ಕೂ ಮೊದಲು, ಖರ್ಚೇ ಇಲ್ಲದ ಕೆಲಸವೊಂದಿದೆ: ಕೊನೇ ದಿನಾಂಕ ಗೊತ್ತುಮಾಡುವ ಮುನ್ನ ಈ ಮೂರೂ ಊರಿನ ಕಚೇರಿಗಳನ್ನು ಒಂದು ಮಾತು ಕೇಳುವುದು.