ಕುದುರೆಮುಖದ ಅದಿರಿಗೆ ಟೆಹರಾನಿನ ಸಾಲ

ಕುದುರೆಮುಖವೆಂದರೆ ನಮ್ಮಲ್ಲಿ ಬಹುಪಾಲು ಜನರಿಗೆ ನೆನಪಾಗುವುದು ಶೋಲಾ ಕಾಡು, ತುಂಗೆ-ಭದ್ರೆಯರ ಉಗಮಸ್ಥಾನ ಮತ್ತು ಗಣಿಗಾರಿಕೆಯ ವಿರುದ್ಧ ನಡೆದ ದೀರ್ಘ ಹೋರಾಟ. ಆ ಗಣಿಯ ಹುಟ್ಟಿಗೆ ಪಶ್ಚಿಮ ಏಷ್ಯಾದ ಯುದ್ಧವೊಂದು ಕಾರಣವಾಗಿತ್ತು ಎಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನೈಸರ್ಗಿಕ ಸಂಪತ್ತು ರಾಷ್ಟ್ರಗಳ ಸ್ನೇಹವನ್ನು ಹೇಗೆ ಬೆಸೆಯುತ್ತದೆ, ಹೇಗೆ ಮುರಿಯುತ್ತದೆ ಎಂಬುದನ್ನು ಅರಿಯಲು ಬಹುದೂರ ಹೋಗಬೇಕಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಗಡಿಯವರೆಗೆ ಹೋದರೆ ಸಾಕು ಎಂದು ನನಗನ್ನಿಸುತ್ತದೆ.

1973ರ ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ ಆರಂಭವಾದಾಗ ಅರಬ್ ರಾಷ್ಟ್ರಗಳು ಅಮೆರಿಕ ಮತ್ತಿತರ ದೇಶಗಳಿಗೆ ತೈಲ ಪೂರೈಕೆಯನ್ನು ನಿಲ್ಲಿಸಿದವು. ಇರಾನ್ ಈ ನಿರ್ಬಂಧದಲ್ಲಿ ಸೇರಲಿಲ್ಲ. ಆದರೆ ಬೆಲೆ ಏರಿಸುವುದರಲ್ಲಿ ಅದರ ದೊರೆ ಷಾ ಎಲ್ಲರಿಗಿಂತ ಮುಂದಿದ್ದರು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲವನ್ನು 12 ಡಾಲರ್‌ನ ಸಮೀಪಕ್ಕೆ ಒಯ್ದ ಆ ವರ್ಷದ ಡಿಸೆಂಬರ್ ಸಭೆ ನಡೆದದ್ದೂ ಟೆಹರಾನಿನಲ್ಲೇ. ಬಾಂಬೆ ಹೈ ಸಮುದ್ರತಳದ ತೈಲ ಇನ್ನೂ ನಮ್ಮ ಕೈಸೇರಿರಲಿಲ್ಲ. ವಿದೇಶಿ ವಿನಿಮಯದ ಬಡತನದಲ್ಲಿದ್ದ ಭಾರತ ದಿಕ್ಕುಗಾಣದಂತಾಯಿತು. 1974ರಲ್ಲಿ ಇಂದಿರಾ ಗಾಂಧಿಯವರು ಟೆಹರಾನಿಗೆ ಹೋದರು. ಅದೇ ವರ್ಷ ಷಾ ದೆಹಲಿಗೆ ಬಂದರು.

ಇಬ್ಬರ ಅಗತ್ಯವೂ ಒಂದಕ್ಕೊಂದು ಹೊಂದುತ್ತಿತ್ತು. ತೈಲದ ಹಣ ಹರಿದು ಬರುತ್ತಿದ್ದ ಇರಾನಿಗೆ ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಹಂಬಲ. ನಮ್ಮಲ್ಲಿ ಅದಿರು ಇತ್ತು, ತೆಗೆಯಲು ಹಣವಿರಲಿಲ್ಲ. 1975ರ ನವೆಂಬರ್‌ನಲ್ಲಿ ಆದ ಒಪ್ಪಂದದಂತೆ ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು. ಭಾರತ ವರ್ಷಕ್ಕೆ 75 ಲಕ್ಷ ಟನ್‌ನಂತೆ ಸುಮಾರು ಎರಡು ದಶಕ ಸಂಸ್ಕರಿತ ಅದಿರನ್ನು ಕಳುಹಿಸಬೇಕು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಅಲ್ಲಿನದು ಕಬ್ಬಿಣದ ಅಂಶ ಕಡಿಮೆಯಿರುವ ಮ್ಯಾಗ್ನೆಟೈಟ್. ಅದನ್ನು ಪುಡಿ ಮಾಡಿ, ಕಬ್ಬಿಣವನ್ನು ಬೇರ್ಪಡಿಸಿ, ನೀರು ಬೆರೆಸಿದ ರಾಡಿಯನ್ನಾಗಿಸಿ 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿನ ಬಂದರಿಗೆ ಹರಿಸುವ ಯೋಜನೆ ಅದು. ಉಳಿದ ಹೂಳನ್ನು ತಡೆಯಲು ಲಖ್ಯಾ ಹೊಳೆಗೆ ಅಣೆಕಟ್ಟು ಕಟ್ಟಲಾಯಿತು. ಬೆಟ್ಟದ ಮಳೆಕಾಡಿನಲ್ಲಿ ಇಷ್ಟೆಲ್ಲ ನಡೆದದ್ದು ಒಬ್ಬನೇ ಗಿರಾಕಿಯನ್ನು ನಂಬಿ!

1979ರ ಜನವರಿಯಲ್ಲಿ ಷಾ ದೇಶ ಬಿಟ್ಟರು. ಹೊಸ ಆಡಳಿತಕ್ಕೆ ಅವರ ಉಕ್ಕಿನ ಕನಸಿನಲ್ಲಿ ಆಸಕ್ತಿ ಇರಲಿಲ್ಲ. ಸಾಲದ ಒಂದು ಭಾಗವಷ್ಟೇ ಕೈಸೇರಿತ್ತು. ಉಳಿದ ವೆಚ್ಚವನ್ನು ಭಾರತ ಸರ್ಕಾರವೇ ಭರಿಸಿ 1980ರಲ್ಲಿ ಸ್ಥಾವರವನ್ನು ಪೂರ್ಣಗೊಳಿಸಿತು. ಸ್ಥಾವರ ಸಿದ್ಧ, ಕೊಳ್ಳುವವರಿಲ್ಲ. ರುಮೇನಿಯಾದಂಥ ಹೊಸ ಗಿರಾಕಿಗಳನ್ನು ಹುಡುಕಿಕೊಂಡು ರಫ್ತು ಆರಂಭಿಸುವ ಹೊತ್ತಿಗೆ 1981 ಬಂದಿತ್ತು. ನಮ್ಮ ಎಂಜಿನಿಯರುಗಳ ಸಾಧನೆ ಸಣ್ಣದಲ್ಲ. ಆದರೆ ಆ ಗಣಿಯ ಭವಿಷ್ಯವನ್ನು ನಿರ್ಧರಿಸಿದ್ದು ಅವರಲ್ಲ, ಟೆಹರಾನಿನ ಬೀದಿಗಳಿಗಿಳಿದ ಜನ.

ಇದೇ ವಿಷಯದಲ್ಲಿ ಜಪಾನೀಯರ ನಡೆಯನ್ನು ಗಮನಿಸಬೇಕು. ಉಕ್ಕಿನ ಉದ್ಯಮ ಕಟ್ಟಿದರೂ ಅವರ ನೆಲದಲ್ಲಿ ಅದಿರು ಇರಲಿಲ್ಲವೆಂದೇ ಹೇಳಬೇಕು. ಅವರು ನಮ್ಮ ಬೈಲಾಡಿಲದಿಂದ ಕೊಂಡರು. ಜೊತೆಗೇ ಆಸ್ಟ್ರೇಲಿಯಾ, ಬ್ರೆಜಿಲ್‌ಗಳೊಂದಿಗೂ ದೀರ್ಘಾವಧಿ ಕರಾರು ಮಾಡಿಕೊಂಡರು. ತನ್ನಲ್ಲಿ ಅದಿರು ಕಡಿಮೆಯೆಂಬ ಭಯದಿಂದ 1938ರಲ್ಲಿ ರಫ್ತನ್ನೇ ನಿಷೇಧಿಸಿದ್ದ ಆಸ್ಟ್ರೇಲಿಯಾ 1960ರಲ್ಲಿ ಅದನ್ನು ಸಡಿಲಿಸಿದ ಮೇಲೆ ಅಲ್ಲಿನ ಪಿಲ್ಬರಾ ಗಣಿಗಳು ಬೆಳೆದದ್ದೇ ಜಪಾನಿನ ಕರಾರುಗಳ ಬಲದಿಂದ. ಯಾವ ಒಬ್ಬ ಮಾರಾಟಗಾರ ಮುನಿದರೂ ಜಪಾನಿನ ಕುಲುಮೆ ಆರುವಂತಿರಲಿಲ್ಲ. ನೆಲದಡಿ ಏನಿದೆ ಎಂಬುದಕ್ಕಿಂತ, ಬೇರೆ ದಾರಿ ಯಾರಿಗಿದೆ ಎಂಬುದು ಚೌಕಾಸಿಯಲ್ಲಿ ಮುಖ್ಯ. ಸಂಪತ್ತಿರುವ ದೇಶವೇ ಬಲಶಾಲಿ ಎಂಬ ನಮ್ಮ ಪಠ್ಯಪುಸ್ತಕದ ನಂಬಿಕೆಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೇ.

ಅದೇ ಪಿಲ್ಬರಾ ಇಂದು ಚೀನಾದ ಅನಿವಾರ್ಯತೆ. ಕೋವಿಡ್ ಮೂಲದ ಬಗ್ಗೆ ಸ್ವತಂತ್ರ ತನಿಖೆ ನಡೆಯಲಿ ಎಂದು 2020ರಲ್ಲಿ ಆಸ್ಟ್ರೇಲಿಯಾ ಕೇಳಿದ ಮೇಲೆ ಬೀಜಿಂಗ್ ಕೆರಳಿತು. ಬಾರ್ಲಿಗೆ ಶೇ 80 ಮೀರಿದ ಸುಂಕ, ವೈನ್‌ಗೆ ಇನ್ನೂ ಹೆಚ್ಚು, ಕಲ್ಲಿದ್ದಲಿನ ಹಡಗುಗಳಿಗೆ ಬಂದರಿನ ಹೊರಗೇ ಕಾಯುವ ಶಿಕ್ಷೆ. ಕಬ್ಬಿಣದ ಅದಿರನ್ನು ಮಾತ್ರ ಮುಟ್ಟಲಿಲ್ಲ! ಚೀನಾ ಆಮದು ಮಾಡಿಕೊಳ್ಳುವ ಅದಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಆಸ್ಟ್ರೇಲಿಯಾದಿಂದ. ಹಾಗೆಂದು ಚೀನಾ ಕೈಕಟ್ಟಿ ಕೂರಲಿಲ್ಲ. ಪಶ್ಚಿಮ ಆಫ್ರಿಕಾದ ಗಿನಿಯಲ್ಲಿರುವ ಸಿಮಾಂಡು ಬೆಟ್ಟಗಳಲ್ಲಿ ಅದರ ಕಂಪನಿಗಳು ಹಣ ತೊಡಗಿಸಿವೆ. ಆರು ನೂರು ಕಿ.ಮೀ. ಮೀರಿದ ರೈಲು ಮಾರ್ಗ ಕಟ್ಟಿದ ಮೇಲೆ 2025ರ ನವೆಂಬರ್‌ನಲ್ಲಿ ಅಲ್ಲಿನ ಗಣಿ ಉದ್ಘಾಟನೆಯಾಯಿತು.

ಚೀನಾದ ಹಸಿವನ್ನು ಬಳ್ಳಾರಿಯೂ ಬಲ್ಲದು. ಈ ಶತಮಾನದ ಮೊದಲ ದಶಕದಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಸಿದ್ಧವಾಗುತ್ತಿದ್ದಾಗ ಸಂಡೂರು, ಹೊಸಪೇಟೆಗಳ ರಸ್ತೆ ಕೆಂಪಾದದ್ದನ್ನು ಓದುಗರಿಗೆ ನೆನಪಿಸಬೇಕಿಲ್ಲ. ರಾಜಕಾರಣದ ಭಾಷೆಯೇ ಬದಲಾಯಿತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದ ತಿಂಗಳಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಬಳ್ಳಾರಿಯ ಅದಿರು ನಿಂತಿತೆಂದು ಚೀನಾದ ಯಾವ ಕುಲುಮೆಯೂ ಆರಿದಂತಿಲ್ಲ. ಕೆಲಸ ಕಳೆದುಕೊಂಡವರು ಇಲ್ಲಿನವರು. ಕರ್ನಾಟಕದ ಅದಿರಿನ ರಫ್ತಿಗೆ ನ್ಯಾಯಾಲಯ ಮತ್ತೆ ಅನುಮತಿ ನೀಡಿದ್ದು 2022ರ ಮೇ ತಿಂಗಳಲ್ಲಿ.

ಇರಾನಿನ ಕಥೆಗೂ ಒಂದು ಉತ್ತರಾರ್ಧವಿದೆ. ಒಂದು ಕಾಲಕ್ಕೆ ನಮಗೆ ಸಾಲ ಕೊಟ್ಟ ಆ ದೇಶದ ತೈಲವನ್ನು ಅಮೆರಿಕದ ನಿರ್ಬಂಧದ ಕಾರಣಕ್ಕೆ ಭಾರತ 2019ರ ಮೇ ತಿಂಗಳಲ್ಲಿ ಕೊಳ್ಳುವುದನ್ನು ನಿಲ್ಲಿಸಿತು. ನಮಗೆ ಇರಾಕ್, ಸೌದಿ ಅರೇಬಿಯಾಗಳ ಬಾಗಿಲು ತೆರೆದಿತ್ತು, ಇರಾನಿಗೆ ಗಿರಾಕಿಗಳು ವಿರಳವಾಗಿದ್ದರು. ಪಾತ್ರಗಳು ಅದಲುಬದಲಾಗಿದ್ದವು, ಅಷ್ಟೆ.

ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಮುಚ್ಚಿತು. ಅದರ ಅದಿರಿಗಾಗಿಯೇ ಪಣಂಬೂರಿನಲ್ಲಿ ಕಟ್ಟಿದ ಉಂಡೆ ತಯಾರಿಕೆಯ ಸ್ಥಾವರ ಆ ಮೇಲೆ ಹೊರಗಿನ ಅದಿರನ್ನು ಕೊಂಡು ನಡೆಯಬೇಕಾಯಿತು. ಕಂಪನಿಯ ಮುಂದಿನ ಆಸರೆ ಸಂಡೂರಿನ ದೇವದಾರಿ ಬೆಟ್ಟ. ಅಲ್ಲಿನ ಸುಮಾರು 400 ಹೆಕ್ಟೇರ್ ಅರಣ್ಯವನ್ನು ಹಸ್ತಾಂತರಿಸಬಾರದೆಂದು 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಸೂಚಿಸಿದಾಗ ಕೇಂದ್ರ-ರಾಜ್ಯಗಳ ನಡುವೆ ಬಿಸಿ ಚರ್ಚೆಯೇ ನಡೆಯಿತು. ಮರಗಳೆಷ್ಟು, ಉದ್ಯೋಗಗಳೆಷ್ಟು ಎಂದು ಎರಡೂ ಕಡೆಯವರು ಲೆಕ್ಕ ಕೊಟ್ಟರು. ಆ ಬೆಟ್ಟದ ಅದಿರಿನಿಂದಾಗುವ ಉಂಡೆಗಳನ್ನು ಕೊಳ್ಳುವ ದೇಶ ಯಾವುದು, ಆ ದೇಶ ನಾಳೆ ಬೇಡವೆಂದರೆ ಏನು ಗತಿ ಎಂದು ಯಾರಾದರೂ ಕೇಳಿದ್ದು ನನ್ನ ಗಮನಕ್ಕಂತೂ ಬರಲಿಲ್ಲ.